ಎನ್‌ಎಫ್‌ಎಲ್ ಗೊತ್ತಿದ್ದವರು ಸಿಎಫ್‌ಎಲ್ ನೋಡುವುದು ಹೇಗೆ

ಅಮೆರಿಕನ್ ಫುಟ್‌ಬಾಲ್‌ನ ಲೀಗ್ ಎನ್‌ಎಫ್‌ಎಲ್ ನೋಡಿ ರೂಢಿಯಾದವರು ಕೆನಡಾದ ಫುಟ್‌ಬಾಲ್ ಲೀಗ್ ಸಿಎಫ್‌ಎಲ್‌ನ ಪಂದ್ಯ ಹಾಕಿದರೆ ಮೊದಲ ಹತ್ತು ನಿಮಿಷ ಎಲ್ಲವೂ ಅದೇ ಆಟದಂತೆ ಕಾಣುತ್ತದೆ. ಅದೇ ಹೆಲ್ಮೆಟ್, ಅದೇ ಅಂಡಾಕಾರದ ಚೆಂಡು, ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ಗೋಲುಗೆರೆಯಾಚೆ ಒಯ್ದರೆ) ಅದೇ 6 ಅಂಕ, ಫೀಲ್ಡ್ ಗೋಲ್‌ಗೆ (ಗೋಲುಕಂಬಗಳ ನಡುವೆ ಒದ್ದರೆ) ಅದೇ 3. ಆಮೇಲೆ ಗೋಲುಕಂಬದ ಪಕ್ಕಕ್ಕೆ ಹೋದ ಒದೆತಕ್ಕೂ ಫಲಕದಲ್ಲಿ ಒಂದು ಅಂಕ ಏರುತ್ತದೆ. ಅಲ್ಲಿಂದ ಗೊಂದಲ ಶುರು.

‘ಮೂರು ಡೌನ್, ಹನ್ನೆರಡು ಆಟಗಾರರು, ದೊಡ್ಡ ಮೈದಾನ’ ಎಂದು ಬಾಯಿಪಾಠ ಮಾಡಿಕೊಂಡರೆ ಸಾಲದು (ಡೌನ್ ಎಂದರೆ 10 ಯಾರ್ಡ್ ಸಾಗಲು ಸಿಗುವ ಒಂದೊಂದು ಅವಕಾಶ). ಈ ಮೂರೂ ಸೇರಿ ಆಟವನ್ನು ಒದೆತದ ಕಡೆಗೆ ಎಳೆಯುತ್ತವೆ ಎಂಬುದೇ ಮುಖ್ಯ. ಎನ್‌ಎಫ್‌ಎಲ್‌ನಲ್ಲಿ ಪಂಟ್ (ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುವುದು) ಎಂದರೆ ಚಹಾ ಮಾಡಲು ಏಳುವ ಹೊತ್ತು. ಸಿಎಫ್‌ಎಲ್‌ನಲ್ಲಿ ಪಂದ್ಯ ತಿರುಗುವುದೇ ಆಗ. ಈ ಲೇಖನ ಆ ಲೆಕ್ಕದಲ್ಲೇ ಸಾಗುತ್ತದೆ. ಇಲ್ಲಿ ಹೇಳಿರುವುದು 2025ರ ಋತುವಿನವರೆಗಿನ ನಿಯಮ. 2026 ಮತ್ತು 2027ಕ್ಕೆ ಘೋಷಿಸಿರುವ ಬದಲಾವಣೆಗಳು ಕೊನೆಯ ಭಾಗದಲ್ಲಿವೆ, ಅವನ್ನು ಬಿಟ್ಟು ಓದಬೇಡಿ.

ಮೊದಲು ಮೈದಾನದ ಅಳತೆ

ಕೆನಡಾ ಮೈದಾನ ಗೋಲುಗೆರೆಯಿಂದ ಗೋಲುಗೆರೆಗೆ 110 ಯಾರ್ಡ್. ನಮ್ಮ ಕ್ರಿಕೆಟ್ ಪಿಚ್ 22 ಯಾರ್ಡ್ ಇರುವುದರಿಂದ ಐದು ಪಿಚ್‌ಗಳನ್ನು ಸಾಲಾಗಿ ಇಟ್ಟಷ್ಟು ಉದ್ದ, ಸರಿಯಾಗಿ. ಅಗಲ 65 ಯಾರ್ಡ್. ಎರಡೂ ತುದಿಯಲ್ಲಿ ಗೋಲುಗೆರೆಯಾಚೆ 20 ಯಾರ್ಡ್ ಆಳದ ಎಂಡ್ ಝೋನ್. ಅಮೆರಿಕದ್ದು 100 ಯಾರ್ಡ್ ಉದ್ದ, 53 ಯಾರ್ಡ್ ಚಿಲ್ಲರೆ ಅಗಲ, ಎಂಡ್ ಝೋನ್ 10 ಯಾರ್ಡ್. ಎಂಡ್ ಝೋನ್ ಸೇರಿಸಿ ಗುಣಿಸಿ ನೋಡಿ: ಕೆನಡಾದಲ್ಲಿ 9,750 ಚದರ ಯಾರ್ಡ್, ಅಮೆರಿಕದಲ್ಲಿ 6,400. ಒಂದೂವರೆ ಪಟ್ಟು ಜಾಗ, ಆದರೆ ತಂಡಕ್ಕೆ ಹೆಚ್ಚಿಗೆ ಇರುವುದು ಒಬ್ಬನೇ ಆಟಗಾರ. ಹನ್ನೆರಡನೆಯವನು ಬಂದ ಮಾತ್ರಕ್ಕೆ ಮೈದಾನ ಕಿಕ್ಕಿರಿಯುವುದಿಲ್ಲ. ತಲೆಗೆ ಸಿಗುವ ಜಾಗ ಆಗಲೂ ಅಮೆರಿಕಕ್ಕಿಂತ ಬಹಳ ಹೆಚ್ಚು.

ಗೋಲುಕಂಬ ಎಲ್ಲಿದೆ ನೋಡಿ. ಕೆನಡಾದಲ್ಲಿ ಅದು ಗೋಲುಗೆರೆಯ ಮೇಲೇ ನಿಂತಿದೆ, ಅಮೆರಿಕದಲ್ಲಿ 1974ರಿಂದ ಎಂಡ್ ಝೋನ್‌ನ ಹಿಂದಿನ ಗೆರೆಯಲ್ಲಿದೆ. ಫೀಲ್ಡ್ ಗೋಲ್ ದೂರ ಲೆಕ್ಕ ಹಾಕುವಾಗ ಎಲ್ಲರೂ ಎಡವುವುದು ಇಲ್ಲೇ. ಚೆಂಡು ಎದುರಾಳಿಯ 30ನೇ ಯಾರ್ಡ್ ಗೆರೆಯಲ್ಲಿದ್ದರೆ ಒದೆಯುವವನು ಸುಮಾರು 7 ಯಾರ್ಡ್ ಹಿಂದೆ ನಿಲ್ಲುತ್ತಾನೆ. ಕೆನಡಾದಲ್ಲಿ 30 ಕೂಡಿಸು 7, ಅಂದರೆ 37 ಯಾರ್ಡ್. ಅಮೆರಿಕದಲ್ಲಿ ಅದಕ್ಕೆ ಎಂಡ್ ಝೋನ್‌ನ 10 ಸೇರಿ 47. ಆದ್ದರಿಂದ ಸಿಎಫ್‌ಎಲ್‌ನಲ್ಲಿ 45ನೇ ಗೆರೆ ದಾಟಿದ ತಂಡಕ್ಕೂ ಮೂರು ಅಂಕದ ಆಸೆ ಇರುತ್ತದೆ.

ಎಲ್ಲ ಕ್ರೀಡಾಂಗಣದಲ್ಲೂ ಈ ಅಳತೆ ಕೂರುವುದಿಲ್ಲ. ಟೊರಾಂಟೊ ಆರ್ಗೊನಾಟ್ಸ್ ತಂಡ ಸಾಕರ್‌ಗಾಗಿ ಕಟ್ಟಿದ ಬಿಎಂಒ ಫೀಲ್ಡ್‌ಗೆ 2016ರಲ್ಲಿ ಬಂದಾಗ ಎಂಡ್ ಝೋನ್ ಅನ್ನು 18 ಯಾರ್ಡ್‌ಗೆ ಇಳಿಸಬೇಕಾಯಿತು. 1993ರಿಂದ 95ರವರೆಗೆ ಲೀಗ್ ಅಮೆರಿಕದ ಊರುಗಳಲ್ಲೂ ತಂಡ ಕಟ್ಟಿತ್ತು. ಆಗಲೂ ಇದೇ ತೊಡಕು, ಮೆಂಫಿಸ್‌ನಲ್ಲಿ ಪೂರ್ತಿ ಮೈದಾನ ಹಿಡಿಸಲೇ ಇಲ್ಲ. ಆ ಪ್ರಯೋಗದಲ್ಲಿ ಲೀಗ್‌ನ ಪ್ರಶಸ್ತಿಯಾದ ಗ್ರೇ ಕಪ್ ಗೆದ್ದ ಏಕೈಕ ಅಮೆರಿಕನ್ ತಂಡ ಬಾಲ್ಟಿಮೋರ್, 1995ರಲ್ಲಿ. ಮರುವರ್ಷ ಅದು ಮಾಂಟ್ರಿಯಲ್‌ಗೆ ಹೋಯಿತು.

ಕೆನಡಾದವರು ಮೈದಾನವನ್ನು ಹಿಗ್ಗಿಸಿದರು, ಡೌನ್ ಕಡಿಮೆ ಮಾಡಿದರು ಎಂದು ಹಲವರು ತಿಳಿದಿದ್ದಾರೆ. ನಡೆದದ್ದು ತಿರುಗುಮುರುಗು. 1874ರಲ್ಲಿ ಮಾಂಟ್ರಿಯಲ್‌ನ ಮೆಗಿಲ್ ವಿಶ್ವವಿದ್ಯಾಲಯದ ಹುಡುಗರು ಹಾರ್ವರ್ಡ್‌ಗೆ ಹೋಗಿ ಒಂದು ದಿನ ಹಾರ್ವರ್ಡ್ ನಿಯಮದಲ್ಲಿ, ಮರುದಿನ ತಮ್ಮ ನಿಯಮದಲ್ಲಿ ಆಡಿದರು. ಅಲ್ಲಿಂದ ಎರಡೂ ದೇಶದ ಆಟ ಅಕ್ಕಪಕ್ಕ ಬೆಳೆಯಿತು. ಅಮೆರಿಕದಲ್ಲೂ ಮೊದಲು ಮೂರೇ ಡೌನ್, 110 ಯಾರ್ಡ್ ಮೈದಾನ. 1912ರಲ್ಲಿ ಅವರು ನಾಲ್ಕನೇ ಡೌನ್ ಸೇರಿಸಿ ಮೈದಾನವನ್ನು 100ಕ್ಕೆ ಇಳಿಸಿದರು. ಕೆನಡಾ ಹಳೆಯದನ್ನೇ ಉಳಿಸಿಕೊಂಡಿತು.

ಮೂರು ಡೌನ್‌ನ ಲೆಕ್ಕ

10 ಯಾರ್ಡ್ ಸಾಗಲು ಮೂರು ಅವಕಾಶ. ಮೂರನೆಯದರಲ್ಲಿ ಸಾಮಾನ್ಯವಾಗಿ ಒದೆಯುತ್ತಾರೆ, ಹಾಗಾಗಿ ನಿಜಕ್ಕೂ ಕೈಯಲ್ಲಿರುವುದು ಎರಡೇ ಅವಕಾಶ. ಎನ್‌ಎಫ್‌ಎಲ್‌ನಲ್ಲಿ ಮೊದಲ ಡೌನ್‌ಗೆ ಓಡಿ 4 ಯಾರ್ಡ್ ಗಳಿಸಿದರೆ ಒಳ್ಳೆಯ ಆರಂಭ. ಸಿಎಫ್‌ಎಲ್‌ನಲ್ಲಿ ಅದೇ ಓಟದ ಬಳಿಕ ಉಳಿಯುವುದು ‘ಎರಡನೇ ಡೌನ್, 6 ಯಾರ್ಡ್’, ಎದುರಾಳಿಗೆ ಪಾಸ್ ಬರುವುದು ಗೊತ್ತೇ ಇರುತ್ತದೆ. ಮೊದಲ ಡೌನ್‌ನಲ್ಲಿ ಐದೋ ಆರೋ ಯಾರ್ಡ್ ಸಿಕ್ಕಿತೇ ಇಲ್ಲವೇ ಎಂಬುದೊಂದನ್ನೇ ಗುರುತು ಹಾಕಿಕೊಳ್ಳುತ್ತಾ ಹೋಗಿ, ಯಾವ ತಂಡದ ದಾಳಿ ಸಲೀಸಾಗಿದೆ ಎಂದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ದಾಳಿ ನಡೆಸುವವನು) ಡಗ್ ಫ್ಲೂಟಿ 1991ರಲ್ಲಿ ಒಂದೇ ಋತುವಿನಲ್ಲಿ 6,619 ಯಾರ್ಡ್ ಪಾಸ್ ಎಸೆದದ್ದು ಈ ಒತ್ತಾಯದ ನಡುವೆಯೇ.

ಇನ್ನು ಮೂರನೇ ಡೌನ್, 1 ಯಾರ್ಡ್. ಎನ್‌ಎಫ್‌ಎಲ್ ಕಣ್ಣಿಗೆ ಇದು ದೊಡ್ಡ ಜೂಜು. ಕೆನಡಾದಲ್ಲಿ ಬಹುತೇಕ ಯಾವಾಗಲೂ ಆಡಿಯೇ ಆಡುತ್ತಾರೆ. ಕಾರಣ ಸರಳ: ಅಮೆರಿಕದಲ್ಲಿ ಎರಡು ಸಾಲುಗಳ ನಡುವಿನ ಅಂತರ ಚೆಂಡಿನ ಉದ್ದದಷ್ಟು, ಸುಮಾರು 11 ಇಂಚು. ಕೆನಡಾದಲ್ಲಿ ರಕ್ಷಣಾ ಸಾಲು ಪೂರ್ತಿ ಒಂದು ಯಾರ್ಡ್ ಹಿಂದೆ ನಿಲ್ಲಬೇಕು. ಬೇಕಾದ ಒಂದು ಯಾರ್ಡ್‌ನಲ್ಲಿ ಎದುರಾಳಿಯೇ ಇರುವುದಿಲ್ಲ! ದಪ್ಪ ಮೈಕಟ್ಟಿನ ಎರಡನೇ ಕ್ವಾರ್ಟರ್‌ಬ್ಯಾಕ್ ಒಳಬಂದು ಚೆಂಡು ಕೈಗೆ ಸಿಕ್ಕ ಕೂಡಲೇ ಮುಂದಕ್ಕೆ ನುಗ್ಗುತ್ತಾನೆ. ಇದು ಕೆಡುವುದು ಸ್ನ್ಯಾಪ್ (ಆಟ ಶುರುಮಾಡಲು ಚೆಂಡನ್ನು ಹಿಂದಕ್ಕೆ ಕೊಡುವುದು) ಕೈತಪ್ಪಿದಾಗ, ಇಲ್ಲವೇ ದಾಳಿ ಸಾಲಿನ ಒಬ್ಬ ಮುಂಚೆಯೇ ಅಲುಗಿ 5 ಯಾರ್ಡ್ ದಂಡ ತೆತ್ತಾಗ. ಆ ದಂಡ ಬಿದ್ದರೆ ‘ಮೂರನೇ ಡೌನ್, 6’, ಹೊರಗೆ ಕಾದಿದ್ದ ಪಂಟರ್ ಒಳಗೆ.

ಸ್ನ್ಯಾಪ್‌ಗೆ ಮುಂಚಿನ ಓಟ

ಕೆನಡಾದ ದಾಳಿಯಲ್ಲಿ ಸಾಮಾನ್ಯವಾಗಿ ಐವರು ಸಾಲಿನವರು, ಕ್ವಾರ್ಟರ್‌ಬ್ಯಾಕ್, ಚೆಂಡು ಹಿಡಿದು ಓಡುವ ಒಬ್ಬ ರನ್ನಿಂಗ್ ಬ್ಯಾಕ್, ಪಾಸ್ ಹಿಡಿಯುವ ಐವರು ರಿಸೀವರ್. ಎನ್‌ಎಫ್‌ಎಲ್‌ನ ಟೈಟ್ ಎಂಡ್ ಇಲ್ಲಿ ಅಪರೂಪ. ಎದುರಿಗೆ ರಕ್ಷಣೆಯಲ್ಲಿ ಹೆಚ್ಚಾಗಿ ಐವರು ಹಿಂದಿನ ಸಾಲಿನವರು.

ಅಮೆರಿಕದಲ್ಲಿ ಸ್ನ್ಯಾಪ್ ಆಗುವಾಗ ಒಬ್ಬನೇ ಚಲಿಸಬಹುದು, ಅದೂ ಅಡ್ಡಕ್ಕೆ ಅಥವಾ ಹಿಂದಕ್ಕೆ. ಕೆನಡಾದಲ್ಲಿ ಸಾಲಿನ ಹಿಂದಿರುವ ರಿಸೀವರ್‌ಗಳೆಲ್ಲ ಒಟ್ಟಿಗೆ, ಯಾವ ದಿಕ್ಕಿಗಾದರೂ, ಮುಂದಕ್ಕೂ ಓಡಬಹುದು. ಇದನ್ನು ವ್ಯಾಗಲ್ ಎನ್ನುತ್ತಾರೆ. ಒಳಗಿನ ರಿಸೀವರ್ ಹತ್ತು ಯಾರ್ಡ್ ಹಿಂದಿನಿಂದ ಓಡಿ ಬಂದು ಗೆರೆ ಮುಟ್ಟುವ ಕ್ಷಣಕ್ಕೆ ಸ್ನ್ಯಾಪ್ ಆಗುತ್ತದೆ. ಅವನು ಪೂರ್ತಿ ವೇಗದಲ್ಲಿರುತ್ತಾನೆ, ಎದುರಿನ ರಕ್ಷಕ ನಿಂತಲ್ಲೇ ಇರುತ್ತಾನೆ. ರಕ್ಷಕರು ಎಂಟು ಹತ್ತು ಯಾರ್ಡ್ ಹಿಂದೆ ಸರಿದು ನಿಲ್ಲುವುದು ಹೆದರಿಕೆಯಿಂದಲ್ಲ, ಈ ವೇಗಕ್ಕೆ ಬೇರೆ ಉತ್ತರ ಇಲ್ಲದ್ದರಿಂದ. ಹೊಸದಾಗಿ ನೋಡುವವರು ಒಂದಿಡೀ ಕ್ವಾರ್ಟರ್ ಚೆಂಡನ್ನು ಬಿಟ್ಟು ಒಳಗಿನ ಇಬ್ಬರು ರಿಸೀವರ್‌ಗಳ ಓಟವನ್ನಷ್ಟೇ ನೋಡಬೇಕು. ಅರೆಕ್ಷಣ ಮುಂಚೆ ಗೆರೆ ದಾಟಿದರೆ ದಂಡ. ಹೊಸ ಕ್ವಾರ್ಟರ್‌ಬ್ಯಾಕ್ ಬಂದ ತಂಡದಲ್ಲಿ ಈ ತಾಳ ತಪ್ಪುವುದು ಹೆಚ್ಚು.

ಪಾಸ್ ಹಿಡಿದಾಗ ಗೆರೆಯೊಳಗೆ ಒಂದು ಕಾಲು ಊರಿದರೆ ಇಲ್ಲಿ ಸಾಕು, ಎನ್‌ಎಫ್‌ಎಲ್‌ಗೆ ಎರಡೂ ಬೇಕು. ಮರುಪ್ರಸಾರ ನೋಡಿ ‘ಹೊರಗಿತ್ತು’ ಎಂದು ತೀರ್ಪು ಕೊಡುವ ಮುನ್ನ ಇದು ನೆನಪಿರಲಿ.

ಒದೆತ

ಇಲ್ಲಿ ನಿಧಾನಿಸೋಣ.

ಮೊದಲನೆಯದು, ಕೆನಡಾದಲ್ಲಿ ಫೇರ್ ಕ್ಯಾಚ್ ಇಲ್ಲ. ಪಂಟ್ ಹಿಡಿಯುವವನು ಕೈಯೆತ್ತಿ ‘ಮುಟ್ಟಬೇಡಿ’ ಎನ್ನುವಂತಿಲ್ಲ. ಬದಲಿಗೆ ಅವನು ಚೆಂಡು ಮುಟ್ಟುವವರೆಗೆ ಒದ್ದ ತಂಡದವರು ಅವನಿಂದ 5 ಯಾರ್ಡ್ ದೂರ ಇರಬೇಕು. ತಪ್ಪಿದರೆ ‘ನೋ ಯಾರ್ಡ್ಸ್’ ದಂಡ. ಹೀಗಾಗಿ ಪ್ರತಿ ಪಂಟ್‌ಗೂ ಓಟ ಇದ್ದೇ ಇದೆ. ನೆಲಕ್ಕೆ ಬಿದ್ದ ಚೆಂಡೂ ಸತ್ತಿಲ್ಲ, ಒದ್ದ ತಂಡ ಅದನ್ನು ಮುಟ್ಟಿ ನಿಲ್ಲಿಸುವಂತಿಲ್ಲ. ಪುಟಿಯುವ ಚೆಂಡಿನ ಸುತ್ತ ಐದಾರು ಜನ ದೂರ ನಿಂತು ಕಾಯುವ ದೃಶ್ಯ ಎನ್‌ಎಫ್‌ಎಲ್ ಅಭಿಮಾನಿಗೆ ವಿಚಿತ್ರ ಅನಿಸುತ್ತದೆ. ಅವರು ಕಾಯುತ್ತಿರುವುದು ದಂಡಕ್ಕೆ ಅಂಜಿ.

ಎರಡನೆಯದು, ಆನ್‌ಸೈಡ್. ಒದ್ದವನು, ಮತ್ತು ಒದೆಯುವ ಕ್ಷಣದಲ್ಲಿ ಅವನಿಗಿಂತ ಹಿಂದಿದ್ದವನು, ಚೆಂಡನ್ನು ತಾವೇ ಹಿಡಿಯಬಹುದು. ಪಂಟರ್ ಚಿಕ್ಕದಾಗಿ ಒದ್ದು ತಾನೇ ಓಡಿ ಎತ್ತಿಕೊಂಡರೂ ಅದು ಕ್ರಮಬದ್ಧ. ಜೊತೆಗೆ ಯಾರು ಬೇಕಾದರೂ ಯಾವಾಗ ಬೇಕಾದರೂ ಒದೆಯಬಹುದು. ಪಂಟ್ ಹಿಡಿದವನು ಅದನ್ನು ತಿರುಗಿ ಒದ್ದರೂ ಸರಿ.

ಮೂರನೆಯದು ರೂಜ್, ಅಂದರೆ ಆ ಒಂದು ಅಂಕ. ಒದ್ದ ಚೆಂಡು ಎದುರಾಳಿಯ ಎಂಡ್ ಝೋನ್‌ಗೆ ಹೋಗಿ, ಅದನ್ನು ಅವರು ಹೊರಗೆ ತರಲಾಗದಿದ್ದರೆ ಒದ್ದವರಿಗೆ 1. ಚೆಂಡು ಎಂಡ್ ಝೋನ್ ದಾಟಿ ಹೊರಹೋದರೂ ಹಳೆಯ ನಿಯಮದಲ್ಲಿ 1. ಗುರಿ ತಪ್ಪಿದ್ದಕ್ಕೆ ಬಹುಮಾನ ಎಂದು ಇದನ್ನು ಹೀಗಳೆಯುವವರಿದ್ದಾರೆ. ಆ ಮಾತು ಪೂರ್ತಿ ಸರಿಯಲ್ಲ. ಆ ಅಂಕದ ಭಯವೇ ರಕ್ಷಕನನ್ನು ಎಂಡ್ ಝೋನ್‌ನಿಂದ ಹೊರಕ್ಕೆ ಓಡಿಸುತ್ತದೆ. ಎನ್‌ಎಫ್‌ಎಲ್‌ನಲ್ಲಿ ಅವನು ಅಲ್ಲೇ ಮಂಡಿಯೂರಿ ಸುಮ್ಮನಾಗುತ್ತಾನೆ.

ಒಂದು ಸಂದರ್ಭ ಹಿಡಿದು ಲೆಕ್ಕ ಹಾಕೋಣ. ಅಂಕ 24–24, ಆರು ಸೆಕೆಂಡ್ ಬಾಕಿ, ಚೆಂಡು ಎದುರಾಳಿಯ 38ನೇ ಗೆರೆಯಲ್ಲಿ, ಕೊನೆಯ ಡೌನ್. ಎನ್‌ಎಫ್‌ಎಲ್‌ನಲ್ಲಿ ಇದು 55 ಯಾರ್ಡ್ ಫೀಲ್ಡ್ ಗೋಲ್. ಬಿದ್ದರೆ ಗೆಲುವು, ತಪ್ಪಿದರೆ ಹೆಚ್ಚುವರಿ ಅವಧಿ. ಸಿಎಫ್‌ಎಲ್‌ನಲ್ಲಿ 45 ಯಾರ್ಡ್. ತಪ್ಪಿದರೂ ಚೆಂಡು ಎಂಡ್ ಝೋನ್ ಸೇರಿ ಅಲ್ಲೇ ಉಳಿದರೆ 25–24, ಪಂದ್ಯ ಮುಗಿಯಿತು. ಆದ್ದರಿಂದ ಒದೆಯುವ ಮುನ್ನ ಚೆಂಡನ್ನಲ್ಲ, ಎಂಡ್ ಝೋನ್ ನೋಡಿ. ರಕ್ಷಣಾ ತಂಡ ಅಲ್ಲಿ ಓಟಗಾರನ ಜೊತೆ ತಮ್ಮ ಪಂಟರ್‌ನನ್ನೂ ನಿಲ್ಲಿಸಿರುತ್ತದೆ, ಗುರಿ ತಪ್ಪಿದ ಚೆಂಡನ್ನು ಹಿಡಿದು ಮೈದಾನಕ್ಕೆ ತಿರುಗಿ ಒದೆಯಲು. ಒದ್ದ ತಂಡದವನೊಬ್ಬ ಅದನ್ನು ಹಿಡಿದು ಮತ್ತೆ ಎಂಡ್ ಝೋನ್‌ಗೆ ಒದೆಯಬಹುದು. ತರಬೇತಿಯಲ್ಲಿ ಇದನ್ನು ಅಭ್ಯಾಸ ಮಾಡದ ತಂಡ ಈ ಗಳಿಗೆಯಲ್ಲಿ ಕಂಗೆಡುತ್ತದೆ. ಸಾಮಾನ್ಯ ತಪ್ಪು: ಹಿಡಿದವನು ಒದೆಯದೆ ಓಡಲು ಹೋಗಿ ಎಂಡ್ ಝೋನ್ ಒಳಗೇ ಸಿಕ್ಕಿಬೀಳುವುದು.

ಇನ್ನೊಂದು ಮಗ್ಗುಲೂ ಇದೆ. 2009ರ ಗ್ರೇ ಕಪ್‌ನಲ್ಲಿ ಸಸ್ಕಾಚೆವನ್ 27–25ರಿಂದ ಮುಂದಿತ್ತು. ಮಾಂಟ್ರಿಯಲ್‌ನ ಡೇಮನ್ ಡುವಾಲ್ ಕೊನೆಯ ಒದೆತವನ್ನು ತಪ್ಪಿಸಿದರು. ರೂಜ್ ಸಿಕ್ಕರೂ 26 ಆಗುತ್ತಿತ್ತೇ ಹೊರತು ಗೆಲುವಿಲ್ಲ. ಆದರೆ ಸಸ್ಕಾಚೆವನ್ ಮೈದಾನದಲ್ಲಿ ಹದಿಮೂರು ಜನರನ್ನು ಇಳಿಸಿತ್ತು. ದಂಡದ ಮೇಲೆ 10 ಯಾರ್ಡ್ ಹತ್ತಿರದಿಂದ ಮತ್ತೆ ಒದ್ದರು, 28–27. ಒದೆತದ ತಂಡ ಒಳಬರುವಾಗ ತಲೆ ಎಣಿಸುವ ಅಭ್ಯಾಸ ನೋಡುವವರಿಗೂ ಒಳ್ಳೆಯದು: ಹನ್ನೆರಡು, ಹೆಚ್ಚಲ್ಲ.

ಗಡಿಯಾರ

ಇಬ್ಬರಿಗೂ ಹದಿನೈದು ನಿಮಿಷದ ನಾಲ್ಕು ಕ್ವಾರ್ಟರ್. ಎನ್‌ಎಫ್‌ಎಲ್‌ನಲ್ಲಿ ಒಂದು ಆಟ (ಒಂದು ಸ್ನ್ಯಾಪ್‌ನಿಂದ ಶುರುವಾಗಿ ಚೆಂಡು ನಿಲ್ಲುವವರೆಗಿನದು) ಮುಗಿದಾಗಿನಿಂದ ಮುಂದಿನ ಸ್ನ್ಯಾಪ್‌ಗೆ 40 ಸೆಕೆಂಡ್. ಸಿಎಫ್‌ಎಲ್‌ನಲ್ಲಿ 2025ರವರೆಗೆ ರೆಫರಿ ಸೀಟಿ ಊದಿದ ಮೇಲೆ 20 ಇತ್ತು. ಎಚ್ಚರಿಕೆ ಬರುವುದು ಎರಡು ನಿಮಿಷಕ್ಕಲ್ಲ, ಮೂರು ನಿಮಿಷಕ್ಕೆ. ಆ ಕೊನೆಯ ಮೂರು ನಿಮಿಷದಲ್ಲಿ ಪ್ರತಿ ಆಟದ ಬಳಿಕ ಗಡಿಯಾರ ನಿಂತು, ಸೀಟಿಗೆ ಮತ್ತೆ ಓಡುತ್ತದೆ.

ಫಲ ಏನು? ಎನ್‌ಎಫ್‌ಎಲ್‌ನಲ್ಲಿ ಮುಂದಿರುವ ತಂಡದ ಕೈಯಲ್ಲಿ ಚೆಂಡಿದ್ದು, ಎದುರಾಳಿಗೆ ಟೈಮ್‌ಔಟ್ ಉಳಿದಿಲ್ಲದಿದ್ದರೆ, ಎರಡು ನಿಮಿಷವನ್ನು ಮಂಡಿಯೂರಿಯೇ ಕಳೆಯಬಹುದು. ಸಿಎಫ್‌ಎಲ್‌ನಲ್ಲಿ ಎರಡು ಸಲ ಮಂಡಿಯೂರಿದರೆ ಮುಕ್ಕಾಲು ನಿಮಿಷ ಹೋದರೆ ಹೆಚ್ಚು, ಮೂರನೆಯದಕ್ಕೆ ಪಂಟ್ ಮಾಡಲೇಬೇಕು. ಒಂದೂವರೆ ನಿಮಿಷ ಉಳಿದಿರುವಾಗ ಹತ್ತು ಅಂಕ ಮುಂದಿದ್ದವರೂ ನೆಮ್ಮದಿಯಾಗಿರುವುದಿಲ್ಲ. ಚೆಂಡು ಸತ್ತಿರುವಾಗ ಸಮಯ ಮುಗಿದರೆ ಇನ್ನೊಂದು ಆಟ ಆಡಿಸಿಯೇ ಕ್ವಾರ್ಟರ್ ಮುಗಿಸುತ್ತಾರೆ. ಫಲಕದಲ್ಲಿ 0:00 ಕಂಡ ಕೂಡಲೇ ಟಿವಿ ಆರಿಸಬೇಡಿ.

ಟೈಮ್‌ಔಟ್ ಎನ್‌ಎಫ್‌ಎಲ್‌ನಲ್ಲಿ ಅರ್ಧಕ್ಕೆ ಮೂರು. ಇಲ್ಲಿ ಪಂದ್ಯಕ್ಕೇ ಎರಡು. ಸಮಬಲವಾದರೆ ಎರಡೂ ತಂಡ ಸರದಿಯಲ್ಲಿ ಎದುರಾಳಿಯ 35ನೇ ಗೆರೆಯಿಂದ ದಾಳಿ ಮಾಡುತ್ತವೆ, ಟಚ್‌ಡೌನ್ ಆದರೆ ಎರಡು ಅಂಕದ ಪ್ರಯತ್ನ ಕಡ್ಡಾಯ. ಲೀಗ್ ಹಂತದಲ್ಲಿ ಇಂಥ ಎರಡು ಸುತ್ತಿನ ಮೇಲೂ ಸಮ ಇದ್ದರೆ ಪಂದ್ಯ ಡ್ರಾ.

ತಂಡ, ಹಣ, ಋತು

ಒಟ್ಟು ಒಂಬತ್ತು ತಂಡ. ಪಶ್ಚಿಮದಲ್ಲಿ ಬಿ.ಸಿ., ಕ್ಯಾಲ್ಗರಿ, ಎಡ್ಮಂಟನ್, ಸಸ್ಕಾಚೆವನ್, ವಿನಿಪೆಗ್. ಪೂರ್ವದಲ್ಲಿ ಹ್ಯಾಮಿಲ್ಟನ್, ಟೊರಾಂಟೊ, ಒಟ್ಟಾವಾ, ಮಾಂಟ್ರಿಯಲ್. ತಲಾ 18 ಪಂದ್ಯ, ಜೂನ್‌ನಿಂದ ಶುರು, ನವೆಂಬರ್‌ನಲ್ಲಿ ಗ್ರೇ ಕಪ್. ಗೆದ್ದರೆ 2 ಪಾಯಿಂಟ್, ಡ್ರಾಗೆ 1. ಆರು ತಂಡ ಪ್ಲೇಆಫ್‌ಗೆ ಹೋಗುತ್ತವೆ. ಒಂದು ವಿಭಾಗದ ನಾಲ್ಕನೆಯದಕ್ಕೆ ಇನ್ನೊಂದರ ಮೂರನೆಯದಕ್ಕಿಂತ ಹೆಚ್ಚು ಪಾಯಿಂಟ್ ಇದ್ದರೆ ಅದು ಆ ಕಡೆಗೆ ದಾಟಿ ಆಡುತ್ತದೆ. ಪೂರ್ವದ ಪಟ್ಟಿಯಲ್ಲಿ ಪಶ್ಚಿಮದ ತಂಡ ಕಂಡರೆ ಅಚ್ಚುತಪ್ಪಲ್ಲ.

ಆಟಗಾರರ ಸಂಬಳದ ಮಿತಿ 2025ರಲ್ಲಿ ತಂಡಕ್ಕೆ ಸುಮಾರು 60 ಲಕ್ಷ ಕೆನಡಾ ಡಾಲರ್ ಇತ್ತು. ಎನ್‌ಎಫ್‌ಎಲ್‌ನಲ್ಲಿ ಅದೇ ವರ್ಷ 27.92 ಕೋಟಿ ಅಮೆರಿಕನ್ ಡಾಲರ್. ಈ ಅಂತರ ನೋಡಿ ಇದು ಎರಡನೇ ದರ್ಜೆಯ ಆಟ ಎಂದುಕೊಳ್ಳಬೇಡಿ. ಕ್ವಾರ್ಟರ್‌ಬ್ಯಾಕ್ ವಾರನ್ ಮೂನ್ ಎಡ್ಮಂಟನ್‌ನೊಂದಿಗೆ 1978ರಿಂದ 82ರವರೆಗೆ ಸತತ ಐದು ಗ್ರೇ ಕಪ್ ಗೆದ್ದ ಮೇಲೆಯೇ ಎನ್‌ಎಫ್‌ಎಲ್‌ಗೆ ಹೋಗಿ ಮೆರೆದರು.

ಆರಂಭದ 24 ಜನರಲ್ಲಿ ಕನಿಷ್ಠ 7 ಮಂದಿ ಕೆನಡಾದವರಿರಬೇಕು. ಹಲವು ತಂಡಗಳು ಅವರನ್ನು ದಾಳಿ ಸಾಲಿನಲ್ಲಿ ಇಡುತ್ತವೆ. ಅಲ್ಲಿ ಒಬ್ಬ ಗಾಯಗೊಂಡು, ಬದಲಿಗೆ ಕೆನಡಾದವನು ಸಿದ್ಧನಿಲ್ಲದಿದ್ದರೆ, ಬೇರೆಲ್ಲೋ ಒಬ್ಬ ಒಳ್ಳೆಯ ಅಮೆರಿಕನ್ ಆಟಗಾರ ಕೂರಬೇಕಾಗುತ್ತದೆ. ಗಾಯಾಳುಗಳ ಪಟ್ಟಿ ಓದುವಾಗ ಪೌರತ್ವವನ್ನೂ ನೋಡಬೇಕಾದ್ದು ಇದಕ್ಕೆ.

ಕೆನಡಾದಲ್ಲಿ ಪಂದ್ಯ ಬರುವುದು ಟಿಎಸ್‌ಎನ್ ಕ್ರೀಡಾ ವಾಹಿನಿಯಲ್ಲಿ. ಹೊರದೇಶದವರಿಗೆ ಲೀಗ್ 2023ರಲ್ಲಿ ಸಿಎಫ್‌ಎಲ್ ಪ್ಲಸ್ ಎಂಬ ಆನ್‌ಲೈನ್ ಪ್ರಸಾರ ಆರಂಭಿಸಿತು. ಬೇಸಿಗೆಯಲ್ಲಿ ಟೊರಾಂಟೊದ ಸಂಜೆ 7ರ ಪಂದ್ಯ ಬೆಂಗಳೂರಿನಲ್ಲಿ ಮರುದಿನ ಬೆಳಗಿನ ಜಾವ 4.30ಕ್ಕೆ. ಟೊರಾಂಟೊ, ಕ್ಯಾಲ್ಗರಿ ಕಡೆ ನೆಲೆಸಿದವರು ಕ್ರೀಡಾಂಗಣಕ್ಕೇ ಹೋಗಬಹುದು. ನಡುಗೆರೆಯ ಕೆಳಗಿನ ದುಬಾರಿ ಸೀಟಿಗಿಂತ, ಎಂಡ್ ಝೋನ್ ಹಿಂದಿನ ಎತ್ತರದ ಸಾಲು ವಾಸಿ. ವ್ಯಾಗಲ್ ಮತ್ತು ಪಂಟ್‌ನ ಐದು ಯಾರ್ಡ್ ವೃತ್ತ, ಎರಡೂ ಅಲ್ಲಿಂದಲೇ ಚೆನ್ನಾಗಿ ಕಾಣುತ್ತವೆ, ಟಿವಿ ಕ್ಯಾಮೆರಾ ಇವನ್ನು ಪೂರ್ತಿ ತೋರಿಸುವುದಿಲ್ಲ.

2026, 2027ರ ಬದಲಾವಣೆ

2025ರ ಸೆಪ್ಟೆಂಬರ್‌ನಲ್ಲಿ ಕಮಿಷನರ್ ಸ್ಟುವರ್ಟ್ ಜಾನ್ಸ್‌ಟನ್ ದೊಡ್ಡ ಬದಲಾವಣೆ ಘೋಷಿಸಿದರು. 2026ರಿಂದ ಸೀಟಿಗೆ ಕಾಯದೆ, ಆಟ ಮುಗಿದ ಕೂಡಲೇ 35 ಸೆಕೆಂಡ್‌ನ ಗಡಿಯಾರ ಓಡುತ್ತದೆ. ಮೇಲೆ ಹೇಳಿದ ಮಂಡಿಯೂರುವ ಲೆಕ್ಕವನ್ನು ಹೊಸದಾಗಿ ಹಾಕಬೇಕು. ಒದ್ದ ಚೆಂಡು ಯಾರೂ ಮುಟ್ಟದೆ ಎಂಡ್ ಝೋನ್‌ನಿಂದ ಹೊರಹೋದರೆ ಇನ್ನು ಅಂಕವಿಲ್ಲ. ಒಳಗೆ ಸಿಕ್ಕಿಬಿದ್ದರೆ ಮಾತ್ರ 1. 24–24ರ ನಮ್ಮ ಉದಾಹರಣೆಯಲ್ಲಿ ಇದರ ಪರಿಣಾಮ ನೇರ: ಹೊರಗೆ ಹೊರಟ ಚೆಂಡನ್ನು ಹಿಡಿಯುವವನು ಮುಟ್ಟದೆ ಬಿಡಬೇಕು. ಅದು ಒಳಗೇ ನಿಲ್ಲುವಂತಿದ್ದರೆ ಮಾತ್ರ ಎತ್ತಿಕೊಂಡು ಓಡಬೇಕು ಅಥವಾ ಒದೆಯಬೇಕು. ಪುಟಿದ ಚೆಂಡಿನ ದಾರಿ ಅಂದಾಜು ಮಾಡುವ ಕಣ್ಣು ಇರುವ ಆಟಗಾರನ ಬೆಲೆ ಏರುತ್ತದೆ.

2027ರಿಂದ ಮೈದಾನ 100 ಯಾರ್ಡ್, ಎಂಡ್ ಝೋನ್ 15 ಯಾರ್ಡ್, ಗೋಲುಕಂಬ ಹಿಂದಿನ ಗೆರೆಗೆ. ಮೂರು ಡೌನ್, ಹನ್ನೆರಡು ಜನ, 65 ಯಾರ್ಡ್ ಅಗಲ ಹಾಗೇ ಉಳಿಯುತ್ತವೆ. ಇದನ್ನು ‘ಅಮೆರಿಕದ ಹಾಗೇ ಆಯಿತು’ ಎನ್ನುವವರು ಒಂದು ಕೂಡುವ ಲೆಕ್ಕ ಮಾಡಲಿ: 30ನೇ ಗೆರೆಯಿಂದ ಫೀಲ್ಡ್ ಗೋಲ್ 30 ಕೂಡಿಸು 15 ಕೂಡಿಸು 7, ಅಂದರೆ 52 ಯಾರ್ಡ್. ಎನ್‌ಎಫ್‌ಎಲ್‌ಗಿಂತಲೂ 5 ಯಾರ್ಡ್ ದೂರ. ಫೀಲ್ಡ್ ಗೋಲ್ ಕಡಿಮೆಯಾಗಿ ಟಚ್‌ಡೌನ್ ಹೆಚ್ಚಲಿ ಎಂಬುದು ಲೀಗ್‌ನ ಉದ್ದೇಶ. ಬಿ.ಸಿ. ಲಯನ್ಸ್‌ನ ಕ್ವಾರ್ಟರ್‌ಬ್ಯಾಕ್ ನೇಥನ್ ರೂರ್ಕ್ ಬಹಿರಂಗವಾಗಿಯೇ ವಿರೋಧಿಸಿದರು, ಹಲವು ಹಳೆಯ ಅಭಿಮಾನಿಗಳೂ ಅವರ ಜೊತೆಗಿದ್ದಾರೆ. ಎಂಡ್ ಝೋನ್‌ನ ಆಳ ಕಡಿಮೆಯಾಗುವುದು ನಿಜಕ್ಕೂ ನಷ್ಟ: ಅಲ್ಲಿ ಪಾಸ್ ಎಸೆಯಲು ಸಿಗುತ್ತಿದ್ದ 20 ಯಾರ್ಡ್ ಕೆನಡಾ ಆಟದ ಸೊಗಸುಗಳಲ್ಲಿ ಒಂದು. ಆದರೆ ಕಂಬ ಹಿಂದೆ ಸರಿದರೆ ರಿಸೀವರ್‌ಗಳ ದಾರಿಗೆ ಅಡ್ಡ ನಿಲ್ಲುವುದು ತಪ್ಪುತ್ತದೆ.

2027ರ ಜೂನ್‌ನಲ್ಲಿ ಮೊದಲ ಪಂದ್ಯ ನೋಡುವಾಗ ಗಮನಿಸಬೇಕಾದ್ದು 30 ಮತ್ತು 45ನೇ ಗೆರೆಗಳ ನಡುವಿನ ಮೂರನೇ ಡೌನ್. ಹಿಂದೆ ಅಲ್ಲಿ ಫೀಲ್ಡ್ ಗೋಲ್ ತಂಡ ತಾನಾಗಿಯೇ ಒಳಬರುತ್ತಿತ್ತು. ಇನ್ನು ತರಬೇತುದಾರರು ಮೂರು ಯಾರ್ಡ್‌ಗೂ ನಾಲ್ಕು ಯಾರ್ಡ್‌ಗೂ ಆಡಲು ನಿಲ್ಲುತ್ತಾರೋ, ಇಲ್ಲ ಮೂಲೆಗೆ ಪಂಟ್ ಮಾಡಿ ಎದುರಾಳಿಯನ್ನು ಹಿಂದಕ್ಕೆ ತಳ್ಳುತ್ತಾರೋ ನೋಡಿ.